ಹಿತ್ತಲಿನ ಮೂರು ಗಾಲಿ
ಮಲೆನಾಡಿನಲ್ಲಿ ಬೆನ್ನುಹುರಿಗೆ ಪೆಟ್ಟಾಗಲು ಬೈಕೇ ಬೇಕೆಂದಿಲ್ಲ, ಅಡಿಕೆ ಮರವೂ ಸಾಕು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಜಾರಿ ಬಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ತನಕ ಊರೇ ಜೊತೆಗಿರುತ್ತದೆ. ಗಾಲಿಕುರ್ಚಿಯಲ್ಲಿ ಮನೆಗೆ ಬಂದ ಮೇಲೆ ‘ಇನ್ನು ಆಯಾಸ ಮಾಡ್ಕೋಬೇಡ ಮಾರಾಯ’ ಎಂದು ಎಲ್ಲರೂ ಕೂರಿಸಿಬಿಡುತ್ತಾರೆ. ಆ ಪ್ರೀತಿಯೇ ಅಪಾಯ. ಅಲುಗಾಡದ ಕಾಲಿಗೆ ರಕ್ತ ಒಯ್ಯುವ ತೊಡೆಯ ದೊಡ್ಡ ಅಪಧಮನಿ ಕೆಲವೇ ವಾರಗಳಲ್ಲಿ ಕಿರಿದಾಗುತ್ತದೆ. ವರ್ಷ ಕಳೆದಂತೆ ಹೃದ್ರೋಗ, ಸಕ್ಕರೆ ಕಾಯಿಲೆ ಹೊಂಚು ಹಾಕುತ್ತವೆ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಬೆನ್ನುಹುರಿಗೆ ಪೆಟ್ಟಾದವರಿಗೆ ಹೇಳಿದ್ದು ಇಷ್ಟೇ: ಹೃದಯದ ಆರೋಗ್ಯಕ್ಕೆ ವಾರದಲ್ಲಿ ಕನಿಷ್ಠ 3 ಸಲ, ಸಲಕ್ಕೆ 30 ನಿಮಿಷ, ಉಸಿರು ಏರುವಂಥ ವ್ಯಾಯಾಮ. ಅದಕ್ಕೆ ಜಿಮ್ ಬೇಕಿಲ್ಲ. ಭದ್ರಾವತಿಯ ಮನೆಯೊಂದರ ಹಿತ್ತಲಲ್ಲಿ ಕಂಡ ಕೈ ಪೆಡಲಿನ ಮೂರು ಗಾಲಿ ಸೈಕಲ್ಲೇ ಸಾಕಿತ್ತು. ಚೈನಿಗೆ ತುಕ್ಕು, ಸೀಟಿನ ಮೇಲೆ ಕೋಳಿ. ಮನೆಗೆ ಸ್ಕೂಟರ್ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಸ್ಕೂಟರ್ ಬೇಡವೆನ್ನುತ್ತಿಲ್ಲ, ಸಂತೆಗೆ, ಬ್ಯಾಂಕಿಗೆ ಅದೇ ಸರಿ. ಸಂಜೆಯ ಅರ್ಧ ಗಂಟೆಗೆ ಮಾತ್ರ ಹಳೆಯದೇ ವಾಸಿ. ಹಾಗೆಂದು ಕೈ ತಿರುಗಿಸಿದರೆ ಎಲ್ಲವೂ ಸರಿಹೋಗದು: ಹೃದಯಕ್ಕೆ, ತೋಳಿಗೆ ಲಾಭ, ಕಾಲಿನ ನಾಳಗಳಿಗೆ ಅಷ್ಟಿಲ್ಲ, ಅವಕ್ಕೆ ವಿದ್ಯುತ್ತಿನಿಂದ ಸ್ನಾಯುಗಳನ್ನು ಕುಣಿಸುವ ಯಂತ್ರವೇ ಬೇಕು. ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ ಪೆಟ್ಟಾದವರಿಗೆ ರಕ್ತದೊತ್ತಡ ದಿಢೀರನೆ ಏರುವುದುಂಟು. ತಲೆ ಸಿಡಿಯತೊಡಗಿದರೆ ಕೂಡಲೇ ನಿಲ್ಲಿಸಿ, ನೆಟ್ಟಗೆ ಕೂತು, ವೈದ್ಯರನ್ನು ಕರೆಯಬೇಕು. ನಿಮ್ಮ ಹಿತ್ತಲಲ್ಲೂ ಇಂಥ ಸೈಕಲ್ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಫಿಸಿಯೋಥೆರಪಿಸ್ಟರನ್ನು ಒಮ್ಮೆ ಕೇಳಿ, ಚೈನಿಗೆ ಎರಡು ಹನಿ ಎಣ್ಣೆ ಬಿಡಿ.