ಸಲಹೆ ಕೇಳಿದವರಿಗೆ ‘ನೋಡೂಣು’ ಅನಬ್ಯಾಡ್ರಿ

ಪೇಟೆಯಲ್ಲಿ ಈಗ ‘ಬಿಸಿನೆಸ್ ಕೋಚ್’ ಎಂಬ ಕಸುಬು ಬಂದಿದೆ. ಯಾವಾಗ ಮಾರಬೇಕು, ಯಾವಾಗ ಕೈ ಬಿಗಿ ಹಿಡಿಯಬೇಕು ಎಂದು ದುಡ್ಡು ತಗೊಂಡು ಹೇಳಿಕೊಡುವವರು. ನಮ್ಮ ಜತ್ತ ತಾಲ್ಲೂಕಿಗೆ ಹೆಸರು ಹೊಸದು, ಕೆಲಸ ಹಳೇದು. ದ್ರಾಕ್ಷಿಯವನಿಗೆ ಬಾಗ ನೋಡಿ ಹೇಳುವ ಸಲಹೆಗಾರ, ದಾಳಿಂಬೆಯವನಿಗೆ ಔಷಧ ಅಂಗಡಿಯವ, ಎಲ್ಲರಿಗೂ ಅಡತಿಯವ. ಇವರ ಒಂದು ಮಾತಿನ ಮೇಲೆ ಒಂದು ಮನೆಯ ಇಡೀ ವರ್ಷದ ಗಂಜಿ ನಿಂತಿರುತ್ತದೆ. ಅದಕ್ಕೇ ಸಲಹೆ ಕೇಳುವವರಿಗಿಂತ ಹೇಳುವವರಿಗೆ ಇವತ್ತು ನಾಲ್ಕು ಮಾತು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಬಳ್ಳಿಯ ಮೇಲೆ ಹಣ್ಣು ತೂಗುತ್ತಿತ್ತು. ಲಾರಿ ಸಿಗದು, ಆಳು ಸಿಗದು, ದೊಡ್ಡ ಶಹರದ ಪೇಟೆಯ ಭರವಸೆ ಇಲ್ಲ. ಮಾಗಿದ ಗೊನೆ ಯಾರ ಅಪ್ಪಣೆಗೂ ಕಾಯುವುದಿಲ್ಲ. ಇದ್ದದ್ದು ಎರಡೇ ದಾರಿ: ವ್ಯಾಪಾರಿ ಬರಲಿ ಎಂದು ಕೂಡುವುದು, ಇಲ್ಲವೆ ಕತ್ತರಿಸಿ ಬೇದಾಣಾ ಮಾಡುವುದು. ಸಾಂಗಲಿ, ಸೋಲಾಪುರ, ವಿಜಯಪುರ ಜಿಲ್ಲೆಗಳಲ್ಲಿ ಬಹಳ ಮಂದಿ ತಾಜಾ ಮಾರಲಿಕ್ಕೆಂದು ಬೆಳೆಸಿದ ಹಣ್ಣನ್ನೇ ರ್ಯಾಕಿಗೆ ಏರಿಸಿದರು. ಆ ವಾರದಲ್ಲಿ ‘ಎರಡು ದಿನ ನೋಡೂಣು’ ಎಂಬ ಸಲಹೆಗೆ ಏನು ಬೆಲೆ? ಅದು ಸಲಹೆಯೇ ಅಲ್ಲ, ಜಾರಿಕೊಳ್ಳುವ ಮಾತು.

ಹಾಗಾದರೆ ಲಗೂನ ಹೇಳುವುದು ಹ್ಯಾಂಗ? ಲೆಕ್ಕ ಮೊದಲೇ ಮಾಡಿಟ್ಟವನು ಲಗೂನ ಹೇಳುತ್ತಾನೆ. ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಬೇದಾಣಾ ಎಂಬುದು ಎಲ್ಲರಿಗೂ ಗೊತ್ತು. ತಿಳಿಯಲಿಕ್ಕೆ ಒಂದು ಲೆಕ್ಕ ಹಿಡಿಯೋಣ. ಬೇದಾಣಾ ದರ ಕಿಲೋಕ್ಕೆ 130 ರೂಪಾಯಿ ಅನ್ನಿ. ಕಡಿಯುವ ಕೂಲಿ, ಅದ್ದುವ ಎಣ್ಣೆ, ಶೆಡ್ಡು, ಕೋಲ್ಡ್ ಸ್ಟೋರೇಜ್ ಬಾಡಿಗೆ, ಅಲ್ಲೀತನಕ ಬಡ್ಡಿ, ಎಲ್ಲ ಸೇರಿ 26 ರೂಪಾಯಿ ಅನ್ನಿ. ಉಳಿದದ್ದು 104. ಅದನ್ನು ನಾಲ್ಕರಿಂದ ಭಾಗಿಸಿದರೆ 26. ಅಂದರೆ ಬಾಗದಲ್ಲಿ ನಿಂತ ವ್ಯಾಪಾರಿ ಹಸಿ ಹಣ್ಣಿಗೆ 26ಕ್ಕಿಂತ ಹೆಚ್ಚು ಕೊಟ್ಟರೆ ಲಾರಿಗೆ, ಕಡಿಮೆ ಕೇಳಿದರೆ ರ್ಯಾಕಿಗೆ. ಈ ಅಂಕಿಯನ್ನು ಫೆಬ್ರವರಿಯಲ್ಲೇ ನಿಮ್ಮ ಖರ್ಚು ಹಾಕಿ ತೆಗೆದು ಗೋಡೆಗೆ ಬರೆದಿಟ್ಟರೆ, ಮಾರ್ಚಿನಲ್ಲಿ ನಿರ್ಧಾರಕ್ಕೆ ಎರಡು ನಿಮಿಷ ಸಾಕು.

ಆದರೂ ಹೇಳುವ ಮೊದಲು ಮೂರು ಪ್ರಶ್ನೆ ಕೇಳಲೇಬೇಕು. ಹಣ್ಣಿನ ಸಿಹಿ ಎಷ್ಟು? 20-22 ಬ್ರಿಕ್ಸ್ ಮುಟ್ಟದ ಹಣ್ಣು ಒಣಗಿದರೆ ತೂಕಕ್ಕೂ ಬಾರದು, ಬಣ್ಣಕ್ಕೂ ಬಾರದು. ರ್ಯಾಕಿನಲ್ಲಿ ಎಷ್ಟು ಜಾಗ ಐತಿ? ಮನೆಯಲ್ಲಿ ನಗದು ಎಷ್ಟು ದಿನಕ್ಕೆ ಸಾಲುತ್ತದೆ? ಸಾಹುಕಾರ ಬಾಗಿಲಿಗೆ ಬಂದು ನಿಂತವನಿಗೆ ‘ಕೋಲ್ಡ್ ಸ್ಟೋರೇಜಿನಾಗ ಇಡು, ದೀಪಾವಳಿಗೆ ದರ ಏರತೈತಿ’ ಎಂದರೆ ಅದು ಬುದ್ಧಿಯ ಮಾತಲ್ಲ.

ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟುವವನಾದ ನನಗೆ ಗಾದೆಗಳ ಜಗಳ ನೋಡುವುದು ಚಟ. ‘ಆಲಸ್ಯಂ ಅಮೃತಂ ವಿಷಂ’ ಎನ್ನುತ್ತಾರೆ ತೆಲುಗರು. ತಡವಾದರೆ ಅಮೃತವೂ ವಿಷ. ‘ತಾಳಿದವನು ಬಾಳಿಯಾನು’ ಎನ್ನುತ್ತೇವೆ ನಾವು. ಎರಡೂ ಖರೆ, ಆದರೆ ಬೇರೆ ಬೇರೆ ಕೆಲಸಕ್ಕೆ. ಇವತ್ತಿನ ಹತ್ತು ಪೆಟ್ಟಿಗೆ ಯಾವ ಪೇಟೆಗೆ ಎಂಬುದರಲ್ಲಿ ತಪ್ಪಿದರೆ ನಾಳೆ ತಿದ್ದಬಹುದು. ಅದಕ್ಕೆ ತೆಲುಗು ಗಾದೆ. ಹೊಸ ದಾಳಿಂಬೆ ನೆಡುವುದು, ಬೋರು ಕೊರೆಸುವುದು, ಹೊಲ ಒತ್ತೆ ಇಟ್ಟು ಸಾಲ ತರುವುದು, ಇವು ತಿರುಗಿ ಬರುವ ದಾರಿಗಳಲ್ಲ. ಇಲ್ಲಿ ಕನ್ನಡ ಗಾದೆ. ದಾಳಿಂಬೆಗೆ ದುಂಡಾಣು ಅಂಗಮಾರಿ ಬಿದ್ದರೆ ಬಾಗಕ್ಕೆ ಬಾಗವೇ ಹೋಗುತ್ತದೆ. ಸಸಿ ಎಲ್ಲಿಂದ ಬಂತು, ಅಕ್ಕಪಕ್ಕದ ಬಾಗದಲ್ಲಿ ರೋಗ ಉಂಟೋ ಎಂದು ನೋಡದೆ ‘ಹಚ್ಚಿಬಿಡು’ ಎನ್ನುವ ಸಲಹೆಗಾರನಿಗೆ ಕೈಮುಗಿದು ಕಳಿಸಿರಿ.

ಧೈರ್ಯದ ಸಲಹೆ ಎಂದರೆ ದೊಡ್ಡ ದನಿಯಲ್ಲ. ಅದರಲ್ಲಿ ಒಂದು ದರ, ಒಂದು ವಾರ, ಒಂದು ‘ಆದರೆ’ ಇರಬೇಕು. ‘ಶನಿವಾರದ ತನಕ 26 ಬಂದರೆ ಕೊಡು. ಬರದಿದ್ದರೆ ಸೋಮವಾರ ಕತ್ತರಿಸು. ಆದರೆ ನಡುವೆ ಮೋಡ ಕಟ್ಟಿದರೆ ನನ್ನನ್ನು ಮತ್ತೆ ಕೇಳು.’ ಇಂಥ ಮಾತನ್ನು ವಹಿಯಲ್ಲಿ ಬರೆದಿಡಬಹುದು, ಆಮೇಲೆ ಸರಿ-ತಪ್ಪು ತೂಗಬಹುದು. ಬರೆದಿಡಲು ಬಾರದ ಸಲಹೆಗೆ ಹೊಣೆಗಾರನೂ ಇರುವುದಿಲ್ಲ.

ಮತ್ತೊಂದು ಮಾತು ಬಿಚ್ಚಿ ಹೇಳಬೇಕು. ಔಷಧ ಮಾರುವವನು ಸಿಂಪರಣೆ ಹೇಳಿದರೆ ಅವನಿಗೆ ಬಾಟಲಿಯ ಲಾಭ. ಮುಂಗಡ ಕೊಟ್ಟ ಅಡತಿಯವನು ‘ಇವತ್ತೇ ಮಾರು’ ಅಂದರೆ ಅವನಿಗೆ ಕಮಿಷನ್ನಿನ ಲಾಭ. ಲಾಭ ಇರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ‘ಇದರಾಗ ನನಗ ಇಷ್ಟು ಸಿಗತೈತಿ’ ಎಂದು ಮೊದಲೇ ಹೇಳಿದ ವ್ಯಾಪಾರಿಯ ಮಾತಿಗೆ ಹೆಚ್ಚು ತೂಕ ಬರುತ್ತದೆ.

ರೈತ ಬಾಂಧವರೇ, ವ್ಯಾಪಾರಿ ಮಿತ್ರರೇ, ನಮಗೆ ಒಂದು ಕಡೆ ಸಾಂಗಲಿ-ತಾಸಗಾಂವ, ಇನ್ನೊಂದು ಕಡೆ ವಿಜಯಪುರ. ಮರಾಠಿಯಲ್ಲಿ ಒಂದು ದರ, ಕನ್ನಡದಲ್ಲಿ ಒಂದು ದರ ಕೇಳುವ ಭಾಗ್ಯ ಗಡಿಯವರಿಗಷ್ಟೇ ಇದೆ. ಎರಡೂ ಕಡೆಯ ದರ ಬೆಳಿಗ್ಗೆ ಕೇಳಿಕೊಂಡ ಸಲಹೆಗಾರ ಮಧ್ಯಾಹ್ನದೊಳಗೆ ಉತ್ತರ ಹೇಳಲೇಬೇಕು. ಹೇಳಲಾಗದಿದ್ದರೆ ‘ಇದು ನನಗ ತಿಳಿಯೂದಿಲ್ಲ, ಇಂಥವರನ್ನ ಕೇಳ್ರಿ’ ಎಂದು ಅಷ್ಟೇ ಲಗೂನ ಹೇಳಲಿ. ಅದೂ ಒಂದು ನಿರ್ಧಾರವೇ.