ಬಸ್ಸಿನ ಆಟ: ಹೆಸರು ಅಳಿಸಿ ಹಂಚುವುದು ನ್ಯಾಯವೇ?

ಗುಮ್ಮಘಟ್ಟ: ಮೊಬೈಲಿನಲ್ಲಿ ಬಸ್ಸು ಓಡಿಸುವ ಹುಡುಗರಿಗೆ ಗಡಿ ಎಂಬುದಿಲ್ಲ. ಕರ್ನಾಟಕದ ಐರಾವತವೂ ಅವರದೇ, ಆಂಧ್ರದ ಪಲ್ಲೆವೆಲುಗೂ ಅವರದೇ.

ಇಂಡೊನೇಷ್ಯಾದ ಮಾಲಿಯೋ ಸಂಸ್ಥೆ 2017ರಲ್ಲಿ 'ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ' ಆಟವನ್ನು ತಂದಾಗ ಅದರಲ್ಲಿ ನಮ್ಮ ಬಸ್ಸುಗಳಿರಲಿಲ್ಲ. ಸೇರಿಸಿದವರು ಅಭಿಮಾನಿಗಳು. ಹೀಗೆ ಸೇರಿಸುವ ಫೈಲಿಗೆ 'ಮಾಡ್', ಬಸ್ಸಿನ ಬಣ್ಣದ ಚಿತ್ರಕ್ಕೆ 'ಲಿವರಿ' ಎನ್ನುತ್ತಾರೆ.

ಒಬ್ಬ ನಿದ್ದೆಗೆಟ್ಟು ಮಾಡಿದ್ದನ್ನು ಇನ್ನೊಬ್ಬ ಹೆಸರು ಅಳಿಸಿ ತನ್ನದೆಂದು ಹಂಚಿದರೆ? ಪುಕ್ಕಟೆ ಸಿಕ್ಕಿದ್ದಲ್ಲವೇ ಎಂಬ ವಾದ ನಿಲ್ಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನಂತೆ, ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೇ ಉಳಿಯುತ್ತದೆ.

ಆದರೆ ಮಾಡ್ ಮಾಡುವವನೂ ನಿಂತಿರುವುದು ಪರರ ಜಾಗದಲ್ಲಿ. ಆಟ ಕಂಪನಿಯದು, ಲಾಂಛನ ಸಾರಿಗೆ ನಿಗಮದ್ದು. ಹಣದ ಮಾತು ಬಂದರೆ ತಕರಾರು ಖಚಿತ. 2015ರ ಏಪ್ರಿಲಿನಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಕಂಪನಿಗಳು 'ಸ್ಕೈರಿಮ್' ಆಟದ ಮಾಡ್‌ಗಳನ್ನು ಮಾರಾಟಕ್ಕಿಟ್ಟವು. ಮಾಡಿದವರ ಪಾಲು ಶೇ. 25 ಮಾತ್ರ. ಒಬ್ಬರ ಕೆಲಸ ಮತ್ತೊಬ್ಬರ ಮಾಡ್‌ನಲ್ಲಿ ಸೇರಿದೆಯೆಂಬ ಜಗಳವೂ ಎದ್ದಿತು. ವಾರದೊಳಗೆ ಯೋಜನೆ ವಾಪಸಾಯಿತು.

ಹಾಗಾದರೆ ಹಂಚುವುದು ಹೇಗೆ? ಮೊದಲು ಮಾಡಿದವರನ್ನು ಕೇಳಬೇಕು. ಅವರ ಹೆಸರು ಉಳಿಸಬೇಕು. ತಿದ್ದಿದ್ದರೆ ಏನು ತಿದ್ದಿದೆ ಎಂದು ಹೇಳಬೇಕು. ಪರರ ಕೆಲಸಕ್ಕೆ ಹಣ ಕೇಳಬಾರದು. ಬೇಡವೆಂದರೆ ಸುಮ್ಮನಾಗಬೇಕು.

ಮದುವೆಮನೆಯಲ್ಲಿ ಹತ್ತು ರೂಪಾಯಿ ಮುಯ್ಯಿ ಹಾಕಿದವರ ಹೆಸರನ್ನೂ ಬರೆದಿಡುವ ಊರುಗಳು ನಮ್ಮವು. ಮಕ್ಕಳಿಗೆ ಇದನ್ನು ತಿಳಿಸಲು ಕಾಯ್ದೆ ಪುಸ್ತಕವೇ ಬೇಕಿಲ್ಲ. ಹೆಸರು ಅಳಿಸಿಕೊಂಡ ಹುಡುಗ ಮುಂದಿನ ಬಸ್ಸು ಮಾಡುವುದಿಲ್ಲ, ನಷ್ಟ ಆಡುವವರಿಗೆಲ್ಲ.