ಕೌದಿ ಹೊಲಿದವಳ ಕೂಲಿ ಯಾವ ಲೆಕ್ಕದಲ್ಲಿದೆ?

ನೆರೆ ಇಳಿದ ಊರಿಗೆ ಎರಡು ಸಂಗತಿಗಳು ತಪ್ಪದೆ ಬರುತ್ತವೆ. ಒಂದು, ಹಳೆ ಬಟ್ಟೆ ತುಂಬಿದ ಲಾರಿ. ಇನ್ನೊಂದು, ಒಳ್ಳೆಯ ಮನಸ್ಸಿನವರ ಹೊಸ ಯೋಜನೆ. ಎರಡನ್ನೂ ಸೇರಿಸಿದರೆ ಹುಟ್ಟುವ ಪ್ರಸ್ತಾಪ ಇದು: ಊರಿನ ಹೆಂಗಸರೆಲ್ಲ ಸಮುದಾಯ ಭವನದಲ್ಲಿ ಕೂತು ಕೌದಿ ಹೊಲಿಯಲಿ, ನಾವು ಅದನ್ನು ಬೆಂಗಳೂರಿನ ಪ್ರದರ್ಶನದಲ್ಲೋ ಪರದೇಶದ ಕನ್ನಡ ಕೂಟದಲ್ಲೋ ಮಾರೋಣ, ಬಂದ ಹಣದಲ್ಲಿ ಅವರಿಗೇ ಮನೆ ಕಟ್ಟಿಸೋಣ. ಕೇಳಲು ಹಿತವಾಗಿದೆ. ಕಸೂತಿಯ ನೆಲ, ಕೌದಿಯ ಪರಂಪರೆ, ಹೆಂಗಸರ ಒಗ್ಗಟ್ಟು, ಮೇಲೊಂದು ಸೂರು. ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ನಾನು ಬೇಡ ಅನ್ನುತ್ತಿದ್ದೇನೆ. ನನ್ನ ತಕರಾರು ಕೌದಿಯ ಮೇಲಲ್ಲ, ಅದನ್ನು ಮಾರುವುದರ ಮೇಲೂ ಅಲ್ಲ. ಮಾರಿ ಬಂದ ಹಣವನ್ನೆಲ್ಲ ‘ಮನೆ ನಿಧಿ’ಗೆ ಹಾಕಿ, ಹೊಲಿದವಳ ದುಡಿಮೆಯನ್ನು ‘ಸೇವೆ’ ಎಂದು ಕರೆದು ಕೈತೊಳೆದುಕೊಳ್ಳುವುದರ ಮೇಲೆ.

ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ ಹಿರಿಯರು. ಸ್ವಲ್ಪ ಅಳೆದು ನೋಡೋಣ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ಘೋಷಿಸಿದ ಪರಿಹಾರ 5 ಲಕ್ಷ ರೂಪಾಯಿ. ಅದನ್ನೇ ಒಂದು ಮನೆಯ ಖರ್ಚು ಎಂದಿಟ್ಟುಕೊಳ್ಳಿ. ಕೈಯಲ್ಲೇ ಒತ್ತೊತ್ತಾಗಿ ಹೊಲಿದ ಒಂದು ದೊಡ್ಡ ಕೌದಿಗೆ 15 ದಿನದ ಕೆಲಸ ಎಂದೂ, ಅದು 5,000 ರೂಪಾಯಿಗೆ ಮಾರಾಟವಾಯಿತೆಂದೂ ಹಿಡಿಯಿರಿ. ಒಂದು ಮನೆಗೆ 100 ಕೌದಿ ಬೇಕು. 100 ಕೌದಿ ಎಂದರೆ 1,500 ದಿನ. ಒಬ್ಬಳೇ ಕೂತರೆ ಹಬ್ಬ ಹುಣ್ಣಿಮೆಗೂ ಬಿಡುವಿಲ್ಲದೆ ನಾಲ್ಕು ವರ್ಷ ಮೀರುತ್ತದೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ 1,500 ದಿನದ ಕೂಲಿ 5,55,000 ರೂಪಾಯಿ.

ಅಂದರೆ 5 ಲಕ್ಷದ ಮನೆಗಾಗಿ ಐದೂವರೆ ಲಕ್ಷದ ಕೂಲಿಯನ್ನು ನಾವು ಕೊಡದೆ ಉಳಿಸಿಕೊಂಡಿದ್ದೇವೆ. ಮಣ್ಣು ಹೊರುವ ದರದಲ್ಲೇ ಆ ದಿನಗಳ ಕೂಲಿ ಕೊಟ್ಟಿದ್ದರೆ ಆಕೆ ಯಾರ ಹಂಗೂ ಇಲ್ಲದೆ ತನ್ನ ಮನೆ ತಾನೇ ಕಟ್ಟಿಕೊಂಡು, ಉಳಿದದ್ದರಲ್ಲಿ ಒಂದು ಎಮ್ಮೆ ಕೊಳ್ಳಬಹುದಿತ್ತು. ಕೌದಿಯ ಬೆಲೆಯನ್ನು 10,000ಕ್ಕೆ ಏರಿಸಿ ನೋಡಿ. ಆಗಲೂ ಅರ್ಧಕ್ಕಿಂತ ಹೆಚ್ಚು ಅವಳ ಕೂಲಿಯೇ. ನಾವು ದಾನ ಎಂದು ಕರೆಯುತ್ತಿರುವುದು ಬಹುಪಾಲು ಅವಳದೇ ಹಣ. ಮನೆ ಕಳೆದುಕೊಂಡವಳೇ ತನ್ನ ಮನೆಗೆ ದಾನಿ. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವವರು ಮಾತ್ರ ಬೇರೆ.

ಇದೇ ಯೋಜನೆಯಲ್ಲಿ ಯಾರ ದುಡಿಮೆಗೆ ಹಣ ಸಿಗುತ್ತದೆ ಎಂಬುದನ್ನೂ ಗಮನಿಸಿ. ಮಳಿಗೆಗೆ ಬಾಡಿಗೆ ಕೊಡಲೇಬೇಕು. ಕೌದಿ ಸಾಗಿಸಿದ ವಾಹನದವನು ಪುಕ್ಕಟೆ ಬರುವುದಿಲ್ಲ. ಫೋಟೊ ತೆಗೆದವನು ಬಿಲ್ಲು ಕಳಿಸುತ್ತಾನೆ. ಇವು ‘ಖರ್ಚು’, ಇವುಗಳನ್ನು ಕಳೆದ ಮೇಲೆಯೇ ಉಳಿತಾಯದ ಲೆಕ್ಕ. ಸೂಜಿ ಹಿಡಿದ ಕೈ ಮಾತ್ರ ಖರ್ಚಿನ ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಹೆಂಗಸು ಮಾಡುವ ಕೆಲಸಕ್ಕೆ ಬೆಲೆ ಕಟ್ಟದ ಅಭ್ಯಾಸ ಮನೆ ಬಿದ್ದ ಮೇಲೂ ಬಿದ್ದಿಲ್ಲ.

‘ಇದು ನಮ್ಮ ಪರಂಪರೆ, ಕೌದಿಯನ್ನು ದುಡ್ಡಿನಲ್ಲಿ ಅಳೆಯಬಾರದು’ ಎನ್ನುವವರಿದ್ದಾರೆ. ಅವರು ಪರಂಪರೆಯನ್ನು ಸರಿಯಾಗಿ ನೋಡಿಲ್ಲ. ಉತ್ತರ ಕರ್ನಾಟಕದಲ್ಲಿ ಅಜ್ಜಿ ಮೊಮ್ಮಗುವಿಗೆಂದು ಹಳೆ ಸೀರೆ, ಧೋತರ ಒಟ್ಟು ಮಾಡಿ ಹೊಲಿಯುವ ಕೌದಿ ಇದೆ. ಅದು ಮಾರುವ ವಸ್ತುವಲ್ಲ, ನಿಜ. ಆದರೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಅಲೆಮಾರಿ ಹೆಂಗಸರೂ ಇದ್ದಾರೆ. ಕಟ್ಟೆಯ ಮೇಲೆ ಬಟ್ಟೆ ಹರವಿ, ಉದ್ದಗಲ ನೋಡಿ, ಇಷ್ಟು ದುಡ್ಡು, ಇಷ್ಟು ಜೋಳ ಎಂದು ಚೌಕಾಶಿ ಮಾಡಿಯೇ ಅವರು ಸೂಜಿಗೆ ದಾರ ಪೋಣಿಸುವುದು. ನಡುವೆ ರೊಟ್ಟಿ, ಚಹಾ ಬೇರೆ. ದುಡ್ಡಿನ ಮುಖವನ್ನೇ ಅಪರೂಪಕ್ಕೆ ಕಾಣುತ್ತಿದ್ದ ಊರು ಕೂಡ ಹೊಲಿಗೆಗೆ ಕೂಲಿ ಅಳೆದುಕೊಟ್ಟಿತು. ಮನೆಯವರಿಗಾಗಿ ಹೊಲಿದರೆ ಪ್ರೀತಿ, ಪರರಿಗಾಗಿ ಹೊಲಿದರೆ ಕೂಲಿ: ಪರಂಪರೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅದನ್ನು ಮರೆತಿರುವುದು ನಾವು.

ಇಂಥ ಯೋಜನೆಗಳ ಮಾದರಿ ಬಂದಿರುವುದು ಹೆಚ್ಚಾಗಿ ಹೊರಗಿನಿಂದ. ಅಮೆರಿಕದ ಮೆನ್ನೊನೈಟ್ ಕ್ರೈಸ್ತರಲ್ಲಿ ಹೆಂಗಸರು ಗುಂಪಾಗಿ ಕೂತು ಕ್ವಿಲ್ಟ್ ಹೊಲಿದು, ಪರಿಹಾರ ನಿಧಿಗಾಗಿ ಹರಾಜಿಗೆ ಕೊಡುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಕಾನ್ಸಾಸ್ ರಾಜ್ಯದ ಹಚಿನ್ಸನ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಅವರ ಮೇಳ ಹೆಸರಾದದ್ದು. ಬಂದ ಹಣ 1920ರಲ್ಲಿ ಸ್ಥಾಪನೆಯಾದ ಮೆನ್ನೊನೈಟ್ ಕೇಂದ್ರ ಸಮಿತಿಯ ಪರಿಹಾರ ಕಾರ್ಯಕ್ಕೆ ಹೋಗುತ್ತದೆ. ಬಿದ್ದ ಮನೆಗಳನ್ನು ಎತ್ತಿ ನಿಲ್ಲಿಸಲು ಅವರದೇ ಬೇರೊಂದು ಸಂಘಟನೆಯಿದೆ; ಅದರ ಸ್ವಯಂಸೇವಕರು ಸುತ್ತಿಗೆ, ಗರಗಸ ಹಿಡಿದು ಸ್ವತಃ ಹೋಗುತ್ತಾರೆ. ಅಲ್ಲಿ ಹೊಲಿಯುವವಳ ತಲೆಯ ಮೇಲೆ ಸೂರಿದೆ, ಮನೆಯಲ್ಲಿ ಊಟವಿದೆ. ತನ್ನ ಬಿಡುವಿನ ವೇಳೆಯನ್ನು ಮನೆಯಿಲ್ಲದವರಿಗೆ ಕೊಡುತ್ತಾಳೆ. ಅದು ನಿಜಕ್ಕೂ ದಾನ. ನಾವು ಆ ಮಾದರಿಯನ್ನು ತಂದು ತಲೆಕೆಳಗು ಮಾಡಿದೆವು. ಇಲ್ಲಿ ಮನೆಯಿಲ್ಲದವಳು ಹೊಲಿಯುತ್ತಾಳೆ, ಮನೆಯಿದ್ದವರು ಸೋಫಾದ ಮೇಲೆ ಹಾಸಿಕೊಳ್ಳುತ್ತಾರೆ, ಮೇಲಾಗಿ ಉಪಕಾರ ಮಾಡಿದ ಸಮಾಧಾನವನ್ನೂ ಒಯ್ಯುತ್ತಾರೆ.

ಸಂತ್ರಸ್ತರೇ ಹೊಲಿಯುವುದಾದರೆ ನೋಡಬೇಕಾದದ್ದು ಜಪಾನಿನ ಒತ್ಸುಚಿ ಪಟ್ಟಣವನ್ನು. 2011ರ ಮಾರ್ಚ್‌ನ ಸುನಾಮಿಯಲ್ಲಿ ಆ ಪುಟ್ಟ ಊರು ಮೇಯರ್ ಸೇರಿದಂತೆ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಅದೇ ವರ್ಷ ಅಲ್ಲಿನ ಆಶ್ರಯ ಶಿಬಿರಗಳಲ್ಲಿದ್ದ ಹೆಂಗಸರಿಗಾಗಿ ‘ಸಾಶಿಕೊ’ ಹೊಲಿಗೆಯ ಯೋಜನೆ ಶುರುವಾಯಿತು. ಸಾಶಿಕೊ ಎಂದರೆ ನಮ್ಮ ಕೌದಿಯ ಹಾಗೆಯೇ ಬಟ್ಟೆಯ ಪದರಗಳನ್ನು ಓಡುಹೊಲಿಗೆಯಿಂದ ಗಟ್ಟಿ ಮಾಡುವ ಬಡವರ ಕಲೆ. ಶಿಬಿರದಲ್ಲಿ ಮಾಡಲು ಕೆಲಸವಿಲ್ಲದೆ ಕೂತಿದ್ದವರ ಕೈಗೆ ಸೂಜಿ ಬಂತು. ಹೊಲಿದದ್ದಕ್ಕೆ ಹಣವೂ ಬಂತು, ಬಂದದ್ದು ಹೊಲಿದವರ ಕೈಗೆ. ಈ ಹೊಲಿಗೆಯಿಂದ ಮನೆ ಕಟ್ಟಿ ಎಂದು ಯಾರೂ ಅವರಿಗೆ ಹೇಳಲಿಲ್ಲ. ಮನೆ ಕಳೆದುಕೊಂಡವರಿಗೆ ಸಾರ್ವಜನಿಕ ವಸತಿ ಕಟ್ಟಿಕೊಡುವ ಹೊಣೆ ಸರ್ಕಾರದ್ದಾಗಿಯೇ ಉಳಿಯಿತು.

ನನ್ನ ಎರಡನೆಯ ತಕರಾರು ಇರುವುದು ಇಲ್ಲಿಯೇ. ಕೌದಿ ಮಾರಿ ಮನೆ ಎಂಬ ಮಾತು ಮನೆಯನ್ನು ಹಕ್ಕಿನ ಪಟ್ಟಿಯಿಂದ ತೆಗೆದು ಕರುಣೆಯ ಪಟ್ಟಿಗೆ ಸೇರಿಸುತ್ತದೆ. ನಮ್ಮ ಸರ್ಕಾರಗಳಿಗೆ ಅದು ಬಹಳ ಅನುಕೂಲ. 2009ರ ನೆರೆಯ ನಂತರ ದಾನಿಗಳು, ಕಂಪನಿಗಳ ನೆರವಿನಿಂದ ಊರಿಗೆ ಊರನ್ನೇ ಸ್ಥಳಾಂತರಿಸುವ ‘ಆಸರೆ’ ಯೋಜನೆ ಬಂತು. ಕಟ್ಟಿದ ಎಷ್ಟೋ ಮನೆಗಳಿಗೆ ಜನ ಹೋಗಲಿಲ್ಲ: ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ರೊಟ್ಟಿ ಬಡಿಯಲು ಅಡುಗೆಮನೆ ಸಾಲದು. 2019ರಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಕೊಣ್ಣೂರು, ಪಟ್ಟದಕಲ್ಲುಗಳಿಗೆ ನುಗ್ಗಿದಾಗ 5 ಲಕ್ಷದ ಘೋಷಣೆ ಬಂತು. ಹಣ ಬಂದದ್ದು ಕಂತುಗಳಲ್ಲಿ. ತಳಪಾಯದ ಫೋಟೊ, ಗೋಡೆಯ ಫೋಟೊ, ಮುಂದಿನ ಕಂತಿಗಾಗಿ ಅಲೆದಾಟ. ಆಗ ಬೇಕಾಗಿದ್ದದ್ದು ಕಚೇರಿಯ ಮುಂದೆ ಕೂತು ಕಂತು ಕೇಳುವ ಬಲ, ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ ಎಂದು ಕೇಳುವ ಬಲ. ಸಂಘಟಿಸಲು ಬಂದವರು ಆ ಹೆಂಗಸರನ್ನು ಒಟ್ಟು ಸೇರಿಸಿ ಸೂಜಿಯನ್ನಷ್ಟೇ ಕೊಟ್ಟರೆ, ಅರ್ಜಿ ಬರೆಯಬೇಕಾದ ಕೈಗೆ ಬೇರೆ ಕೆಲಸ ಹಚ್ಚಿದಂತಾಗುತ್ತದೆ.

ಎದುರು ಮಾತುಗಳು ನನಗೆ ಗೊತ್ತು. ಒಟ್ಟಿಗೆ ಕೂತು ಹೊಲಿದರೆ ದುಃಖ ಹಗುರಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ಖಂಡಿತ. ಕೂಲಿ ಸಿಕ್ಕರೂ ಅಷ್ಟೇ ಹಗುರಾಗುತ್ತದೆ. ಪುಕ್ಕಟೆ ಹೊಲಿದರೆ ಮಾತ್ರ ಸಮಾಧಾನ ಎಂಬ ಮನೋವಿಜ್ಞಾನ ಎಲ್ಲಿಯೂ ಇಲ್ಲ. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಬಂತಲ್ಲ ಎನ್ನುತ್ತಾರೆ. ಈ ಮಾತನ್ನು ನಾವು ಮೇಸ್ತ್ರಿಗೆ ಹೇಳುವುದಿಲ್ಲ, ಸಿಮೆಂಟ್ ಅಂಗಡಿಯವನಿಗೂ ಹೇಳುವುದಿಲ್ಲ. ಎಲ್ಲ ಕಳೆದುಕೊಂಡವಳಿಗೇ ಹೇಳುತ್ತೇವೆ. ಅವರೇ ಖುಷಿಯಿಂದ ಒಪ್ಪಿದ್ದಾರೆ ಎನ್ನುತ್ತಾರೆ. ನೆರವು ಕೊಡುವವರು ಎದುರು ಕೂತು ಕೇಳಿದಾಗ ಇಲ್ಲ ಎನ್ನುವ ಸ್ಥಿತಿಯಲ್ಲಿ ಆಕೆ ಇದ್ದಾಳೆಯೇ? ಆ ಒಪ್ಪಿಗೆಯನ್ನು ಸಾಕ್ಷಿಯಾಗಿ ತರುವುದು ಸಭ್ಯತೆಯಲ್ಲ.

ಹಾಗಾದರೆ ಏನು ಮಾಡಬೇಕು? ಕಷ್ಟದ್ದೇನಲ್ಲ. ಕೌದಿ ಹೊಲಿಸಿ, ಮಾರಿ, ಮೊದಲು ದಿನದ ಲೆಕ್ಕದಲ್ಲಿ ಕೂಲಿ ಕೊಡಿ. ಅದು ಅವಳ ಹೆಸರಿನ ಖಾತೆಗೇ ಹೋಗಲಿ. ಉಳಿದ ಲಾಭವನ್ನು ಏನು ಮಾಡಬೇಕೆಂದು ಹೊಲಿದವರೇ ಕೂತು ತೀರ್ಮಾನಿಸಲಿ. ಕೂಲಿ ಕೊಟ್ಟರೆ ಬೆಲೆ ಹೆಚ್ಚಾಗಿ ಕೌದಿ ಮಾರಾಟವಾಗದು ಎಂದಾದರೆ, ಈ ವ್ಯಾಪಾರ ನಡೆಯುತ್ತಿದ್ದದ್ದೇ ಅವಳ ಕೂಲಿಯನ್ನು ತಿಂದು ಎಂದು ಒಪ್ಪಿಕೊಳ್ಳಿ. ನಿಮಗೆ ದಾನ ಮಾಡುವ ಮನಸ್ಸಿದ್ದರೆ ದಾನ ಮಾಡಿ. ಅದಕ್ಕೆ ಬದಲಾಗಿ ಕೌದಿ ಕೇಳಬೇಡಿ.

ಮಾರಾಟಕ್ಕಿಟ್ಟ ಕೌದಿಗೆ ಚೀಟಿ ಕಟ್ಟಿ ಅದರ ಮೇಲೆ ಹೊಲಿದವಳ ನಗುಮುಖ ಅಚ್ಚು ಹಾಕುತ್ತೀರಿ. ಆ ಮುಖದ ಕೆಳಗೆ ಎರಡು ಅಂಕಿ ಬರೆಯಿರಿ: ಎಷ್ಟು ದಿನ ಹೊಲಿದಳು, ಎಷ್ಟು ಕೂಲಿ ಪಡೆದಳು. ಎರಡನೆಯ ಅಂಕಿ ಬರೆಯಲು ಕೈ ಹಿಂಜರಿದರೆ ಆ ಕೌದಿಯನ್ನು ಮಾರಬೇಡಿ, ಅವಳಿಗೇ ಬಿಟ್ಟುಬಿಡಿ. ಅವಳ ಮನೆಯ ಕೌದಿಗಳೂ ನೆರೆಯ ಪಾಲಾಗಿವೆ, ಮುಂದೆ ಚಳಿಗಾಲವಿದೆ.